ದೋಣಿಯ ಒಳಮೈಗೂ ಬಟ್ಟೆ ಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಮರದ ಪಟ್ಟಿಗಳಿಂದ ಕನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದ ದೋಣಿ) ಮಾಡಿಕೊಳ್ಳುವುದು ಹೇಗೆ ಅಂತ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಕೊಟ್ಟಿದ್ದು ಖುಷಿಯಾಯಿತು. ಆದರೆ ಒಂದು ಮಾತು ಮಾತ್ರ ಹಾಗೇ ಬಿಡುವಂಥದ್ದಲ್ಲ. ಹೊರಗಡೆ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ಎಳೆಯಲ್ಲಿ ನೇಯ್ದ ಬಟ್ಟೆ, ಹಾಕಿದರೆ ಸಾಕು, ಒಳಗೆ ಬರೀ ವಾರ್ನಿಶ್ ಬಳಿದರೆ ನಡೆಯುತ್ತದೆ ಅಂತ ಬರೆದಿದ್ದಾರೆ. ನಡೆಯುವುದಿಲ್ಲ.

ಈ ದೋಣಿಯ ಪಟ್ಟಿ ಎಷ್ಟು ದಪ್ಪ ಇರುತ್ತದೆ ಹೇಳಿ? ಸಾಮಾನ್ಯವಾಗಿ 6 ಮಿ.ಮೀ., ಅದೂ ರೆಡ್ ಸೀಡರ್‌ನಂಥ ಹಗುರ ಮರ, ಉಗುರು ಊರಿದರೆ ಗುರುತು ಬೀಳುತ್ತದೆ. ಇಂಥದ್ದು ಬಂಡೆಗೆ ತಾಗಿದರೂ ಒಡೆಯದೆ ಇರುವುದು ಮರದ ಬಲದಿಂದಲ್ಲ, ಎರಡೂ ಮೈಗೆ ಎಪಾಕ್ಸಿ ಎಂಬ, ಒಣಗಿ ಗಟ್ಟಿಯಾಗುವ ಅಂಟಿನಲ್ಲಿ ಅಂಟಿಕೊಂಡ ಬಟ್ಟೆಯಿಂದ. ಮರ ನಡುವೆ ನಿಂತು ಆ ಎರಡು ಪದರಗಳನ್ನು ದೂರ ಹಿಡಿದಿರುತ್ತದೆ, ಅಷ್ಟೇ ಅದರ ಕೆಲಸ. ಒಂದು ಕಡ್ಡಿ ಬಗ್ಗಿಸಿ ನೋಡಿ, ಸೀಳು ಶುರುವಾಗುವುದು ಉಬ್ಬಿದ ಕಡೆಯಿಂದ. ಬಂಡೆ ಹೊರಗಿನಿಂದ ಗುದ್ದಿದಾಗ ಹಲಗೆ ಉಬ್ಬುವುದು ಒಳಗಡೆಗೆ, ಅಂದರೆ ಬಟ್ಟೆ ಜಾಸ್ತಿ ಬೇಕಾದ ಜಾಗವನ್ನೇ ಲೇಖನ ಬರಿದಾಗಿ ಬಿಟ್ಟಿದೆ! ಇನ್ನೊಂದು ತೊಂದರೆಯೂ ಇದೆ. ಒಂದು ಮೈ ಮುಚ್ಚಿ ಇನ್ನೊಂದಕ್ಕೆ ತೆಳು ವಾರ್ನಿಶ್ ಇದ್ದರೆ ತೇವ ಆ ಕಡೆಯಿಂದಲೇ ಒಳಗೆ ಹೋಗುತ್ತದೆ. ಮರ ಒಂದೇ ಕಡೆ ಹಿಗ್ಗಿ ಪಟ್ಟಿಗಳ ಸಂದು ಬಿಡಲು ಶುರುವಾಗುತ್ತದೆ.

ಒಳಗೆ ಬಟ್ಟೆ ಹಾಕಿದರೆ ಮರದ ಅಂದ ಮುಚ್ಚಿಹೋಗುತ್ತದೆ ಅನ್ನುವ ಭಯ ಹಲವರಿಗೆ. ಮುಚ್ಚುವುದಿಲ್ಲ. ಒಣಗಿರುವಾಗ ಬೆಳ್ಳಗಿರುವ ಬಟ್ಟೆ ಎಪಾಕ್ಸಿ ಕುಡಿದ ತಕ್ಷಣ ಕಣ್ಣೆದುರೇ ಮಾಯವಾಗಿ, ಕೆಳಗಿನ ಮರ ಮೊದಲಿಗಿಂತ ಗಾಢ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬೆಳ್ಳಗೆ ಉಳಿದ ಮಚ್ಚೆ ಇದ್ದರೆ ಅಲ್ಲಿ ಅಂಟು ಸಾಲದು ಅಥವಾ ಗಾಳಿ ಸಿಕ್ಕಿದೆ ಅಂತ ಅರ್ಥ.

ಒಳಮೈ ಕೆಲಸ ಕಷ್ಟ, ಒಪ್ಪುತ್ತೇನೆ. ಹೊರಗೆ ಬಟ್ಟೆ ತಾನಾಗೇ ಇಳಿಬಿದ್ದು ಕೂರುತ್ತದೆ, ಒಳಗೆ ಮಾತ್ರ ಎರಡೂ ತುದಿಯ ಇಕ್ಕಟ್ಟಿನಲ್ಲಿ ಮುದುಡಿಕೊಂಡು, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಸತಾಯಿಸುತ್ತದೆ. ಅಲ್ಲಿ ಕತ್ತರಿಯಿಂದ ಸೀಳಿ ಅಂಚನ್ನು ಒಂದರ ಮೇಲೊಂದು ಕೂರಿಸಬೇಕು. ಬಿಸಿಲೇರುವ ಹೊತ್ತಿಗೆ ಈ ಕೆಲಸ ಹಿಡಿಯಬೇಡಿ. ಮರ ಬೆಚ್ಚಗಾಗುತ್ತಾ ಹೋದಂತೆ ಅದರೊಳಗಿನ ಗಾಳಿ ಹಿಗ್ಗಿ ಬಟ್ಟೆಯಡಿ ಗುಳ್ಳೆ ಏಳುತ್ತದೆ. ಸಂಜೆ ಮರ ತಣ್ಣಗಾಗುವಾಗ ಬಳಿದರೆ ಅಂಟನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ.

ಬಟ್ಟೆ ಬೇಡ, ಪಟ್ಟಿಯನ್ನೇ ದಪ್ಪ ಮಾಡೋಣ ಅನ್ನುವವರೂ ಇದ್ದಾರೆ. ದಪ್ಪ ಪಟ್ಟಿ ದೋಣಿಯ ತುದಿಯ ತಿರುವಿಗೆ ಬಗ್ಗುವುದೇ ಇಲ್ಲ, ಬಲವಂತ ಮಾಡಿದರೆ ಮುರಿಯುತ್ತದೆ. ತೂಕವಂತೂ ಏರಿಯೇ ಏರುತ್ತದೆ. 16 ಅಡಿಯ ದೋಣಿ ಸರಿಯಾಗಿ ಮಾಡಿದರೆ ಸುಮಾರು 25 ಕೆ.ಜಿ., ಒಬ್ಬರೇ ಹೆಗಲ ಮೇಲೆ ಹೊರಬಹುದು, ಆ ಸುಖ ಯಾಕೆ ಕಳೆದುಕೊಳ್ಳಬೇಕು?

ಇಷ್ಟೆಲ್ಲ ತಾಳ್ಮೆ ಇಲ್ಲದವರಿಗೆ ಬೇರೆ ದಾರಿ ಇದೆ. ನೀರು ತಾಳುವ ತೆಳು ಮೆರೈನ್ ಪ್ಲೈವುಡ್ ಕತ್ತರಿಸಿ, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗ್ಲಾಸ್ ಬಟ್ಟೆಯ ಪಟ್ಟಿ ಅಂಟಿಸುವುದು. 1963ರಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ ಮುಂದೆ ನಿಂತು ಹೀಗೆ ಹೊಲಿದು ಕಟ್ಟುವ ಪುಟ್ಟ ಹಾಯಿದೋಣಿಯೊಂದನ್ನು ಜನರ ಕೈಗಿಟ್ಟಿತು, ಹೆಸರೂ ಮಿರರ್. ಈವರೆಗೆ ಇಂಥ ದೋಣಿ 70 ಸಾವಿರಕ್ಕೂ ಹೆಚ್ಚು ಆಗಿವೆ. ಪತ್ರಿಕೆ ಮನಸ್ಸು ಮಾಡಿದರೆ ಏನಾಗುತ್ತದೆ ನೋಡಿ.

ಕೊನೆಗೊಂದು ಮಾತು. ಲೇಖನದ ಚಿತ್ರದಲ್ಲಿ ಬರಿಗೈಲಿ ಎಪಾಕ್ಸಿ ಬಳಿಯುತ್ತಿದ್ದಾರೆ. ಅದಕ್ಕೆ ಒಮ್ಮೆ ಅಲರ್ಜಿ ಅಂಟಿಕೊಂಡರೆ ಮತ್ತೆ ಬಿಡುವುದು ಕಷ್ಟ, ಆಮೇಲೆ ಆ ಡಬ್ಬಿ ಹತ್ತಿರ ಹೋಗುವ ಹಾಗಿಲ್ಲ. ಕೈಗವಸು, ಒಣಗಿದ ಮೇಲೆ ಉಜ್ಜಿ ನಯ ಮಾಡುವಾಗ ಮಾಸ್ಕ್, ಎರಡೂ ಇರಲೇಬೇಕು. ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಳಮೈಯ ವಿಷಯಕ್ಕೆ ತಿದ್ದುಪಡಿ ಹಾಕಿ, ಚಿತ್ರವನ್ನೂ ಬದಲಿಸಿ.

ಇಂತಿ,
ದೋಣಿ ಕಟ್ಟುವ ಹುಚ್ಚಿನ ಒಬ್ಬ ಓದುಗ