ಕೊನೆಗೂ ಮುಖ ಮೂಡಿತು

ಚಿತ್ರ ಮುಗಿಯಿತು. ಬಹಳ ದಿನದಿಂದ ಬರೆಯುತ್ತಿದ್ದ ಅಮ್ಮನ ಎಣ್ಣೆಬಣ್ಣದ ಚಿತ್ರ. ಎದೆಗೊತ್ತಿಕೊಂಡ ಕೆಂಪು ಗುಲಾಬಿಗಳು, ಪಕ್ಕದಿಂದ ಬೀಳುವ ಮೆದು ಬೆಳಕು, ಅಮ್ಮನ ಮುಖ. ನಡುವೆ ಎಷ್ಟೋ ದಿನ ಬ್ರಷ್ ಮುಟ್ಟಿರಲಿಲ್ಲ.

ಬಣ್ಣ ಬೆರೆಸಲು ಕಲಿಸಿದ ಮೇಷ್ಟ್ರು, ಚಿತ್ರ ನಿಲ್ಲಿಸುವ ಸ್ಟ್ಯಾಂಡ್, ಈಸೆಲ್, ಕೊಟ್ಟು ಇನ್ನೂ ವಾಪಸ್ ಕೇಳದ ಗೆಳೆಯ, "ಎಲ್ಲಿಗೆ ಬಂತು?" ಅಂತ ಒಮ್ಮೆಯೂ ಕೇಳದವರು, ಎಲ್ಲರಿಗೂ ಥ್ಯಾಂಕ್ಸ್.

ಉಳಿದದ್ದೆಲ್ಲ ಅಕ್ಕನಿಗೆ.

ನನ್ನ ಹತ್ತಿರ ಇದ್ದದ್ದು ಫ್ಲ್ಯಾಶ್ ಹಾಕಿ ತೆಗೆದ ಅಮ್ಮನ ಒಂದು ಫೋಟೋ. ಬೆಳಕು ಎದುರಿನಿಂದಲೇ ಬಿದ್ದು ನೆರಳೇ ಇಲ್ಲ, ಮುಖ ಚಪ್ಪಟೆ. ಅಮ್ಮನ ಕೆನ್ನೆಮೂಳೆ ಅಕ್ಕನಿಗೆ ಬಂದಿದೆ. ಹಾಗಾಗಿ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ ಅವಳನ್ನೇ ಕೂರಿಸಿದೆ. ಬಾಡುವ ಮೊದಲೇ ಹೂ ಬರೆದು ಮುಗಿಸಿದೆ. ಸಿಕ್ಕಿಬಿದ್ದದ್ದು ಮುಖದಲ್ಲಿ. ನೆರಳಿಗೆ ಕಪ್ಪು ಬೆರೆಸಿದರೆ ಮಸಿ ಮೆತ್ತಿದ ಹಾಗೆ, ಬೆಳಕಿಗೆ ಬಿಳಿ ಜಾಸ್ತಿಯಾದರೆ ಸುಣ್ಣ ಬಳಿದ ಹಾಗೆ.

ಒಂದು ರಾತ್ರಿ ಬಣ್ಣ ಕರಗಿಸುವ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಮುಖ ಪೂರ್ತಿ ಒರೆಸಿಬಿಟ್ಟೆ. ಹೂಗಳ ಮೇಲೆ ಬರೀ ಒಂದು ಕಂದು ಕಲೆ ಉಳಿಯಿತು. ಅಮ್ಮನ ಒಂದು ಕಣ್ಣು ಕೊಂಚ ಕಿರಿದಿತ್ತು. ಯಾವುದು? ಫೋಟೋದಲ್ಲಿ ನಗುತ್ತಿದ್ದಾಳೆ, ಎರಡೂ ಕಿರಿದು. ನನಗೆ ನೆನಪೇ ಆಗಲಿಲ್ಲ. ಅತ್ತದ್ದು ಅದಕ್ಕೆ, ಚಿತ್ರ ಕೆಟ್ಟಿದ್ದಕ್ಕಲ್ಲ.

ಅಕ್ಕ ಸಮಾಧಾನ ಮಾಡಲಿಲ್ಲ. "ಎಡಗಣ್ಣು ಕಣೋ" ಅಂದಳು, ಅಷ್ಟೇ. ಬೆಳಗಾಗುವವರೆಗೆ ನೆಲದ ಮೇಲೆ ಪಕ್ಕದಲ್ಲೇ ಕೂತಿದ್ದಳು. ನನ್ನ ಬ್ರಷ್‌ಗಳನ್ನೆಲ್ಲ ತೊಳೆದಳು, ತಪ್ಪಾಗಿಯೇ, ಕೂದಲು ಮೇಲೆ ಮಾಡಿ ಒಣಗಲು ಇಟ್ಟಳು.

ಕಿಟಕಿಯಲ್ಲಿ ಬೆಳಕು ಬಂದಾಗ ಮತ್ತೆ ಕುರ್ಚಿಗೆ ಹೋದಳು. ಗುಲಾಬಿ ಬಾಡಿದ್ದವು. ಸುಮ್ನೆ ಒಂದು ಕೆಂಪು ಬಟ್ಟೆ ಮುದ್ದೆ ಮಾಡಿ ಎದೆಗೆ ಹಿಡಿದಳು. ಕಣ್ಣು ಕಿರಿದು ಮಾಡಿ ನೋಡಿದೆ. ಗಲ್ಲದ ಕೆಳಗೆ ತೆಳ್ಳಗೆ ಕೆಂಪು! ನೆರಳಿನಲ್ಲಿ ಹೂವಿನ ಬಣ್ಣವೂ ಬಂದು ಕೂರುತ್ತದೆ ಅಂತ ಮೇಷ್ಟ್ರು ಎಷ್ಟು ಸಲ ಹೇಳಿದ್ದರು. ಆವತ್ತು ಕಂಡಿತು. ಕಪ್ಪಿನ ಟ್ಯೂಬ್ ಪಕ್ಕಕ್ಕಿಟ್ಟೆ. ಕೆನ್ನೆಯ ಅಂಚನ್ನು ಒಣ ಬ್ರಷ್‌ನಲ್ಲಿ ಹಿನ್ನೆಲೆಯೊಳಗೆ ಕರಗಿಸಿದೆ.

ಎಣ್ಣೆಬಣ್ಣ ಪೂರ್ತಿ ಒಣಗಲು ಇನ್ನೂ ತಿಂಗಳುಗಳು ಬೇಕು, ವಾರ್ನಿಷ್ ಆಮೇಲೆ. ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಅಂದಿದ್ದೆ. ಎಡಗಣ್ಣಿನ ಹತ್ತಿರ ಒಂದು ಬೆರಳಿನ ಗುರುತಿದೆ. ಅಕ್ಕನದೇ. ಅದನ್ನು ತಿದ್ದುವುದಿಲ್ಲ.