ಆ ಕಪ್ಪು ಚುಕ್ಕೆಗೆ ಕಾರಣರಾದವರಿಗೆ

ನನ್ನ ಪಿಎಚ್.ಡಿ. ಮಹಾಪ್ರಬಂಧ ಕಳೆದ ವಾರ ಅಂಗೀಕಾರಗೊಂಡಿತು. ಟೊಳ್ಳಾದ ಜಿಯೋಲೈಟ್ (ಅಣುಗಾತ್ರದ ರಂಧ್ರಗಳಿರುವ ಖನಿಜ) ಹರಳುಗಳೊಳಗೆ ಪ್ಲಾಟಿನಂ ನ್ಯಾನೊಕಣಗಳನ್ನು ಕೂಡಿಹಾಕಿ ವೇಗವರ್ಧಕವಾಗಿ ಬಳಸುವುದು ಅದರ ವಿಷಯ. ನಡುವೆ ನಿಂತೇ ಹೋಗಿದ್ದ ಈ ಕೆಲಸವನ್ನು ಮತ್ತೆ ದಾರಿಗೆ ತಂದವರಿಗೆ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಲೋಹದ ಕಣ ಚಿಕ್ಕದಾದಷ್ಟೂ ಅದರ ಹೆಚ್ಚಿನ ಪಾಲು ಪರಮಾಣುಗಳು ಮೇಲ್ಮೈಯಲ್ಲಿದ್ದು ಕ್ರಿಯೆಗೆ ಒದಗುತ್ತವೆ; ಆದರೆ ಕಾವು ಏರಿದಂತೆ ಅಕ್ಕಪಕ್ಕದ ಕಣಗಳು ಕೂಡಿಕೊಂಡು ದಪ್ಪವಾಗಿ ಆ ಲಾಭ ಕೈತಪ್ಪುತ್ತದೆ. ಕಣಗಳನ್ನು ಹರಳಿನೊಳಗೆ ಕೂಡಿಹಾಕುವುದು ಇದನ್ನು ತಡೆಯಲೆಂದೇ. ಪ್ಲಾಟಿನಂ ಲವಣ ಹೀರಿಸಿದ ಸಿಲಿಕಲೈಟ್-1 ಎಂಬ ಬರೀ ಸಿಲಿಕಾದ ಜಿಯೋಲೈಟ್ ಹರಳುಗಳನ್ನು ಟೆಟ್ರಾಪ್ರೊಪೈಲ್ ಅಮೋನಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣದೊಂದಿಗೆ ಆಟೊಕ್ಲೇವಿನಲ್ಲಿ (ಬಿಗಿಯಾಗಿ ಮುಚ್ಚಿ ಕಾಯಿಸುವ ಪಾತ್ರೆಯಲ್ಲಿ) ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ತಿರುಳಿನ ಸಿಲಿಕಾ ಕರಗಿ ಹೊರಬಂದು ಹೊರಮೈಯಲ್ಲೇ ಮತ್ತೆ ಹರಳುಗಟ್ಟುತ್ತದೆ; ಹರಳು ಟೊಳ್ಳಾಗಿ, ಲೋಹ ಒಳಗೆ ಉಳಿಯುತ್ತದೆ. ಗೋಡೆಯ ರಂಧ್ರಗಳು ಸುಮಾರು 0.55 ನ್ಯಾನೊಮೀಟರ್ ಅಗಲದವು. ಟಾಲ್ವೀನ್ ಎಂಬ ತೆಳ್ಳನೆಯ ಅಣು ಅವುಗಳಲ್ಲಿ ನುಸುಳಿ ಒಳಗಿನ ಪ್ಲಾಟಿನಂ ಮೇಲೆ ಹೈಡ್ರೊಜನ್ ಪಡೆಯಬೇಕು, ಮೆಸಿಟಲೀನ್ ಎಂಬ ದಪ್ಪನೆಯ ಅಣು ಹೊರಗೇ ಉಳಿಯಬೇಕು.

ನನ್ನ ಹರಳುಗಳಲ್ಲಿ ಎಂಟು ತಿಂಗಳ ಕಾಲ ಮೆಸಿಟಲೀನ್ ಕೂಡ ಕ್ರಿಯೆಗೆ ಒಳಗಾಯಿತು. ಲೋಹ ಹೊರಮೈಯಲ್ಲೂ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಟಾಲ್ವೀನ್ ಫಲಿತಾಂಶವೊಂದನ್ನೇ ಇಟ್ಟುಕೊಂಡು ಬರೆದುಬಿಡಬಹುದೇ ಎಂದು ನಾನು ಕೇಳಿದಾಗ ಒಪ್ಪದೆ, ತಪ್ಪಿನ ಮೂಲ ಹುಡುಕಲು ಸಮಯ ಕೊಟ್ಟ ಮಾರ್ಗದರ್ಶಕರಿಗೆ ನಾನು ಋಣಿ.

ಮೂಲವನ್ನು ಕಂಡುಹಿಡಿದವರು ಪ್ರಯೋಗಾಲಯದ ಹಿರಿಯ ಸಹೋದ್ಯೋಗಿ. ಅರ್ಧ ದಿನ ನನ್ನ ಪಕ್ಕದಲ್ಲಿ ನಿಂತು ಬರೀ ನೋಡಿದ ಅವರು, ಒದ್ದೆ ಪುಡಿಯನ್ನು ನಾನು ನೇರವಾಗಿ ಬಿಸಿ ಓವನ್ನಿಗೆ ಇಟ್ಟಾಗ ಕೈ ತಡೆದರು: ಬೇಗ ಒಣಗುವಾಗ ದ್ರಾವಣ ಹೊರಮೈಗೆ ಸರಿಯುತ್ತದೆ, ಲವಣವೂ ಅದರ ಜೊತೆಗೇ ಬರುತ್ತದೆ. ರಂಧ್ರಗಳು ಹಿಡಿಯುವಷ್ಟೇ ದ್ರಾವಣವನ್ನು ಅಳೆದು, ಹನಿಹನಿಯಾಗಿ ಹಾಕುತ್ತಾ ಖಲ್ಲಿನಲ್ಲಿ ಕಲಸಿ, ರಾತ್ರಿಯಿಡೀ ಕೋಣೆಯ ತಾಪದಲ್ಲೇ ಆರಿಸುವುದನ್ನು ಅವರು ಕೈಯಾರೆ ತೋರಿಸಿಕೊಟ್ಟರು. ಆ ಅರ್ಧ ದಿನಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ.

ಮನೆಯವರ ತಾಳ್ಮೆಯನ್ನು ಅವರೆದುರೇ ನೆನೆದಿದ್ದೇನೆ.

ಕೊನೆಯದಾಗಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವರಿಗೆ. ಹೊಸ ಮಾದರಿಯಲ್ಲಿ ಮಸುಕು ಪೆಟ್ಟಿಗೆಯಂತೆ ಕಾಣುವ ಒಂದೊಂದು ಹರಳಿನ ನಡುವೆ ಒಂದೊಂದು ಕಪ್ಪು ಚುಕ್ಕೆ ಕಂಡಾಗ ನಾನು ಹಿಗ್ಗಿದೆ. ಅವರು ಮಾತ್ರ, ಚುಕ್ಕೆ ಗೋಡೆಯ ಮೇಲೆ ಕೂತಿದ್ದರೂ ಹೀಗೆಯೇ ಕಾಣುತ್ತದೆಂದು ಹೇಳಿ, ತಮ್ಮ ವೇಳೆ ಮುಗಿದಿದ್ದರೂ ಮಾದರಿಯನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತಾ ಒಂದೊಂದು ಕೋನದಲ್ಲೂ ಚಿತ್ರ ತೆಗೆದರು. ಯಾವ ಕೋನದಲ್ಲೂ ಚುಕ್ಕೆ ಪೆಟ್ಟಿಗೆಯ ಅಂಚು ದಾಟಲಿಲ್ಲ. “ಒಳಗೇ ಇದೆ” ಎಂದು ಅವರು ಹೇಳಿದಾಗ ರಾತ್ರಿ ಒಂಬತ್ತು ದಾಟಿತ್ತು.