ದೋಹಾದ ಕತಾರಾ, ನಮ್ಮ ಬಂದರಿನ ಮಂಜಿ

ಮಾನ್ಯ ಸಂಪಾದಕರೇ,

ಕಡಲತೀರ, ನದೀತೀರದ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ‘ದುಬೈಯ ಹಾಗೆ ಮಾಡಿ’, ‘ದೋಹಾದ ಹಾಗೆ ಮಾಡಿ’ ಎಂದು ಯಾರಾದರೊಬ್ಬರು ಬರೆಯುತ್ತಾರೆ. ನಾನೂ ತಲೆಯಾಡಿಸಿ ಓದಿದವನೇ. ಕಳೆದ ಡಿಸೆಂಬರ್ ಮೊದಲ ವಾರ ಮಗಳ ಮನೆಗೆಂದು ದೋಹಾಕ್ಕೆ ಹೋದವನು ಆ ‘ಹಾಗೆ’ ಎಂದರೆ ಹೇಗೆ ಎಂದು ನೋಡಿಕೊಂಡು ಬಂದಿದ್ದೇನೆ.

ಜಾಗದ ಹೆಸರು ಕತಾರಾ, ದೋಹಾದ ಕಡಲ ದಡದ ಸಾಂಸ್ಕೃತಿಕ ಹಳ್ಳಿ. ಕತಾರ್ ದೇಶಕ್ಕೆ ಹಳೆಯ ಭೂಪಟಗಳಲ್ಲಿದ್ದ ಹೆಸರು ಅದು. ಮೆಟ್ರೊದ ಕೆಂಪು ಮಾರ್ಗದಲ್ಲಿ ಎರಡು ರಿಯಾಲ್ ಕೊಟ್ಟರೆ ಬಾಗಿಲಿಗೇ ತಂದು ಇಳಿಸುತ್ತಾರೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಕಡಲ ದಡದಲ್ಲಿ ಐದು ಸಾವಿರ ಜನ ಕೂರಬಹುದಾದ ಬಯಲು ರಂಗಮಂದಿರ, ಒಪೆರಾ ಮಂದಿರ, ಚಿತ್ರಶಾಲೆಗಳು, ನೀಲಿ ನೇರಳೆ ಬಿಲ್ಲೆಗಳ ಒಂದು ಮಸೀದಿ. ಆ ಮಸೀದಿಯ ವಿನ್ಯಾಸ ಟರ್ಕಿಯ ಮಹಿಳೆಯೊಬ್ಬರದು ಎಂದು ಮಗಳು ಹೇಳಿದಾಗ ನನ್ನ ಹೆಂಡತಿ ಎರಡು ಸಲ ‘ಹೌದಾ?’ ಎಂದಳು. ಮಣ್ಣಿನ ಬಣ್ಣದ ಪಾರಿವಾಳದ ಗೋಪುರಗಳ ಕೆಳಗೆ ನಿಂತು, ‘ಎಷ್ಟು ವರ್ಷ ಹಳೆಯದೋ, ಆದರೂ ಎಷ್ಟು ಚೊಕ್ಕ ಇಟ್ಟಿದ್ದಾರೆ’ ಎಂದಳು. ಕತಾರಾ ತೆರೆದದ್ದು 2010ರಲ್ಲಿ. ನಮ್ಮ ಮನೆಯ ಮಿಕ್ಸಿ ಇದಕ್ಕಿಂತ ಹಳೆಯದು ಮಾರಾಯ್ತಿ ಎಂದೆ.

ನಿಜ ಹೇಳಬೇಕೆಂದರೆ ಒಂದು ಗಂಟೆಯಲ್ಲಿ ನನಗೆ ಬೇಸರ ಬಂದಿತ್ತು. ಮಂಗಳೂರು ಬಂದರಿನ ಮಂಡಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವನು ನಾನು. ಕಡಲ ಬದಿ ಎಂದ ಮೇಲೆ ಒಂದಿಷ್ಟು ಮೀನಿನ ವಾಸನೆ, ಒಂದಿಷ್ಟು ಬೈಗುಳ ಬೇಡವೇ? ಅಲ್ಲಿ ಎರಡೂ ಇಲ್ಲ. ಕರಕ್ ಎಂಬ ಚಹಾ ಮಾತ್ರ ಚೆನ್ನಾಗಿತ್ತು. ನಮ್ಮ ಕಡಕ್ ಚಹಾವೇ ಅರಬರ ಬಾಯಲ್ಲಿ ಕರಕ್ ಆಗಿದೆ.

ಆಮೇಲೆ ಗಾಳಿಯಲ್ಲಿ ಮೀನೆಣ್ಣೆಯ ವಾಸನೆ ಬಂತು. ಅದರ ಜಾಡು ಹಿಡಿದು ಹೋದರೆ, ಅಲ್ಲಿ ಹಾಯಿಹಡಗಿನ ಉತ್ಸವ ನಡೆಯುತ್ತಿದೆ! 2011ರಿಂದ ಪ್ರತಿವರ್ಷ ಮಾಡುತ್ತಾರಂತೆ. ಒಮಾನ್, ಕುವೈತ್, ಇರಾಕ್, ಜಾಂಜಿಬಾರ್‌ನವರೆಲ್ಲ ಬರುತ್ತಾರೆ. ಭಾರತದ ಮಳಿಗೆಯಲ್ಲಿ ಕೇರಳದ ಬೇಪೂರಿನ ಹಡಗು ಕಟ್ಟುವ ಬಡಗಿಯೊಬ್ಬರು ಕುಕ್ಕರುಗಾಲಲ್ಲಿ ಕೂತು, ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕಿ ಉಳಿಯಿಂದ ಬಡಿಯುತ್ತಿದ್ದರು. ಬಂದರಿನಲ್ಲಿ ಕಲಿತ ಅರೆಬರೆ ಮಲಯಾಳದಲ್ಲಿ ಮಾತಾಡಿಸಿದೆ. ಮಂಗಳೂರು ಎಂದ ಕೂಡಲೇ ಉಳಿ ಕೆಳಗಿಟ್ಟು, ‘ಈಗಲೂ ದ್ವೀಪಕ್ಕೆ ಮಂಜಿ ಹೋಗುತ್ತದಾ?’ ಎಂದು ಕೇಳಿದರು. ದ್ವೀಪ ಎಂದರೆ ಲಕ್ಷದ್ವೀಪ, ಮಂಜಿ ಎಂದರೆ ಸರಕು ಸಾಗಿಸುವ ನಮ್ಮ ಕಡೆಯ ಮರದ ಹಡಗು. ದೋಹಾದಲ್ಲಿ ಎಂಟು ದಿನವಾಗಿತ್ತು, ಮೊದಲ ಸಲ ಒಬ್ಬರು ನನಗೆ ಗೊತ್ತಿರುವ ವಿಷಯ ಕೇಳಿದ್ದರು.

ಪಕ್ಕದಲ್ಲಿ ಸ್ಥಳೀಯ ವೃದ್ಧರೊಬ್ಬರು ಮುತ್ತು ತೆಗೆಯುವ ಬಗೆ ತೋರಿಸುತ್ತಿದ್ದರು. ಕಾಲಿಗೆ ಕಲ್ಲು, ಮೂಗಿಗೆ ಆಮೆಚಿಪ್ಪಿನ ಚಿಮುಟ, ಕೊರಳಲ್ಲಿ ಬುಟ್ಟಿ. ಮುಳುಗಿದವನು ಹಗ್ಗ ಜಗ್ಗಿದರೆ ಮೇಲಿನವನು ಎಳೆಯಬೇಕು. 1930ರ ದಶಕದಲ್ಲಿ ಜಪಾನಿನ ಸಾಕು ಮುತ್ತು ಬಂದು ಆ ಕಸುಬು ನೆಲಕಚ್ಚಿತು. ಅಲ್ಲಿಯವರೆಗೆ ಅವರ ಮುತ್ತಿಗೆ ಬೊಂಬಾಯಿಯೇ ಪೇಟೆ. ಹಡಗಿನ ಮರ, ತೆಂಗಿನ ನಾರಿನ ಹಗ್ಗ ಹೋಗುತ್ತಿದ್ದದ್ದು ನಮ್ಮ ಈ ಪಶ್ಚಿಮ ಕರಾವಳಿಯಿಂದ. ಆ ವೃದ್ಧರು ಹರಕು ಹಿಂದಿಯಲ್ಲಿ, ‘ನಾನು ಹುಡುಗನಿದ್ದಾಗ ಇಲ್ಲಿಯೂ ನಿಮ್ಮ ರೂಪಾಯಿಯೇ’ ಎಂದರು. 1966ರವರೆಗೆ ಇತ್ತು. ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಎಳೆಯಲು ಹೇಳಿದರು. ನನ್ನ ಬಾಯಿಂದ ತಾನಾಗಿ ‘ಐಲೇಸಾ’ ಬಂತು. ಮೊಮ್ಮಗನಿಗೆ ನಾಚಿಕೆಯಾಗಿ ಅಜ್ಜಿಯ ಹಿಂದೆ ಅಡಗಿದ.

ಈಗ ಊರಿನ ಮಾತು. ನಮ್ಮ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಇಟ್ಟಿಗೆ ಹೊತ್ತ ಮಂಜಿಗಳು ಇಂದಿಗೂ ಹೋಗುತ್ತವೆ. ಹಾಯಿ ಹೋಗಿ ಎಂಜಿನ್ ಬಂದಿದೆ, ಆದರೂ ಮರದ ಒಡಲು, ಅದೇ ಉಬ್ಬು ಹೊಟ್ಟೆ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲದ ರಜೆ. ಆಂದ್ರೋತ್‌ಗೆ ಎಷ್ಟು ಮೂಟೆ, ಕವರತ್ತಿಗೆ ಎಷ್ಟು ಎಂದು ನಾನೇ ಬರೆದ ಪುಸ್ತಕಗಳು ಮಂಡಿಯ ಅಟ್ಟದಲ್ಲಿ ಗೆದ್ದಲು ಹಿಡಿದು ಹೋದವು. 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದಲ್ಲಿ ಶುರುಮಾಡಿದ ಹಂಚಿನ ಉದ್ಯಮದ ಸರಕೂ ಇದೇ ನೀರಿನ ಮೇಲೆ ಹೋದದ್ದು. ಕತಾರಾದವರು ಉತ್ಸವಕ್ಕೆಂದು ಊರೂರಿನಿಂದ ಕರೆಸಿ ತೋರಿಸುವ ಬದುಕು ನಮ್ಮಲ್ಲಿ ದಿನಾ ಬೆಳಿಗ್ಗೆ ತಾನಾಗಿಯೇ ನಡೆಯುತ್ತಿದೆ. ನೋಡಲು ಮಾತ್ರ ಯಾರೂ ಬರುವುದಿಲ್ಲ. ನಗರದ ಎಷ್ಟೋ ಮಕ್ಕಳಿಗೆ ಮಂಜಿ ಎಂಬ ಪದವೇ ಗೊತ್ತಿಲ್ಲ.

ಹಾಗಾಗಿ ‘ದೋಹಾದ ಹಾಗೆ’ ಎನ್ನುವವರಲ್ಲಿ ನನ್ನದೊಂದು ವಿನಂತಿ. ರಂಗಮಂದಿರ, ಗೋಪುರ, ಅಮೃತಶಿಲೆ ಯಾವುದೂ ಬೇಡ. ನಡೆದಾಡುವ ದಾರಿ, ಬಣ್ಣದ ದೀಪ, ಸೆಲ್ಫಿಗೆ ಸಿಮೆಂಟಿನ ಹಡಗು ಇವಂತೂ ಬೇಡವೇ ಬೇಡ. ಅಲ್ಲಿಂದ ತರುವಂಥದ್ದು ಒಂದೇ ಇದೆ: ಕಸುಬು ಗೊತ್ತಿರುವ ಮುದುಕರಿಗೆ ನೆರಳು, ಕುರ್ಚಿ ಮತ್ತು ದಿನದ ಸಂಬಳ ಕೊಟ್ಟು, ಬಂದವರ ಜೊತೆ ಮಾತಾಡಿ ಎಂದು ಕೂರಿಸುವುದು. ಒಂದು ಹಳೆಯ ಹಂಚಿನ ಗೋದಾಮು, ಒಂದು ದುರಸ್ತಿಯ ಮಂಜಿ ಸಾಕು. ಹತ್ತು ರೂಪಾಯಿ ಟಿಕೆಟ್ ಇಟ್ಟರೂ ನನ್ನ ತಕರಾರಿಲ್ಲ.

ಅದಾಗುವವರೆಗೆ ನೀವೊಂದು ಕೆಲಸ ಮಾಡಬಹುದು. ಮಂಜಿಯಲ್ಲಿ ಹೋಗಿ ಬಂದವರು, ಮರ ಜೋಡಿಸಿದವರು, ಮೂಟೆ ಹೊತ್ತವರು ಎಂದು ನನ್ನ ಪರಿಚಯದವರು ಇನ್ನೂ ನಾಲ್ವರಿದ್ದಾರೆ. ಹಿರಿಯರಿಗೆ ಎಂಬತ್ತೆರಡು. ನಿಮ್ಮ ವರದಿಗಾರರನ್ನು ಕಳಿಸಿದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಎಂಟರ ಒಳಗೆ ಬರಬೇಕು. ಬಿಸಿಲೇರಿದ ಮೇಲೆ ಅವರು ಮಾತಾಡುವುದಿಲ್ಲ, ನಿದ್ದೆ ಮಾಡುತ್ತಾರೆ.

ಇತಿ,
ನಿವೃತ್ತ ಗುಮಾಸ್ತ, ಬಂದರು, ಮಂಗಳೂರು